ಲೆವರ್ಕುಸೆನ್ ಥರ ಆಡಿಸಲು ಹೋಗಿ ಐದು ಪಂದ್ಯ ಸೋತೆ, ತಪ್ಪಿದ್ದೆಲ್ಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು. ಜರ್ಮನಿಗೆ ಬಂದು ಒಂಬತ್ತು ವರ್ಷವಾಯಿತು, ಕಲೋನ್ ಮತ್ತು ಡ್ಯೂಸೆಲ್‌ಡಾರ್ಫ್ ನಡುವಿನ ಒಂದು ಸಣ್ಣ ಊರಿನಲ್ಲಿದ್ದೇನೆ. ಮಗನಿಗೆ ಹದಿನಾಲ್ಕು, ಊರಿನ ಫುಟ್‌ಬಾಲ್ ಕ್ಲಬ್ಬಿನ ಸಿ-ಯೂಗೆಂಡ್ ತಂಡದಲ್ಲಿ, ಅಂದರೆ ಹದಿನೈದರ ಒಳಗಿನವರಲ್ಲಿ ಆಡುತ್ತಾನೆ. ಎರಡು ವರ್ಷದ ಹಿಂದೆ ಟ್ರೈನರ್ ಆಗಲು ಯಾರೂ ಮುಂದೆ ಬರದಿದ್ದಾಗ ನನ್ನ ಕೊರಳಿಗೆ ಸೀಟಿ ಹಾಕಿದರು. ಹುಡುಗರಿಗೆಲ್ಲ 2023–24ರಲ್ಲಿ ಜರ್ಮನ್ ಲೀಗ್ ಗೆದ್ದ ಲೆವರ್ಕುಸೆನ್ ತಂಡದ ಹುಚ್ಚು. ಆ ವರ್ಷದ ಕೊನೇ ನಿಮಿಷದ ಗೋಲುಗಳನ್ನು ಇವತ್ತಿಗೂ ಮೊಬೈಲಿನಲ್ಲಿ ನೋಡುತ್ತಾರೆ. ಅವರ ಒತ್ತಾಯಕ್ಕೆ ಈ ಸಲ ನಾಲ್ಕು ಡಿಫೆಂಡರ್ ಬಿಟ್ಟು ಮೂವರನ್ನು ಇಟ್ಟು ಆಡಿಸಿದೆ. ಕೊನೇ ಹತ್ತು ನಿಮಿಷ ಎಲ್ಲರೂ ಮುಂದೆ ಹೋಗಬೇಕೆಂದು ಹೇಳಿಕೊಟ್ಟೆ. ಏಳು ಪಂದ್ಯದಲ್ಲಿ ಐದು ಸೋತೆವು, ನಾಲ್ಕರಲ್ಲಿ ಗೋಲು ಬಿದ್ದದ್ದು ಕೊನೇ ಹತ್ತು ನಿಮಿಷದಲ್ಲೇ. ಒಬ್ಬ ಅಪ್ಪ ‘ಹುಡುಗರಿಗೆ ಮನೋಬಲ ಇಲ್ಲ’ ಅನ್ನುತ್ತಾರೆ. ಇನ್ನೊಬ್ಬರ ಪ್ರಕಾರ ಲೆವರ್ಕುಸೆನ್ ಗೆದ್ದದ್ದು ಬರೀ ಅದೃಷ್ಟದಿಂದ. ಮೂರನೆಯವರು ‘ಎಲ್ಲಾ ಔಷಧ ಫ್ಯಾಕ್ಟರಿ ದುಡ್ಡು’ ಎಂದು ನಗುತ್ತಾರೆ. ಹೋದ ಶನಿವಾರ ನಮ್ಮ ಗೋಲ್‌ಕೀಪರ್ ಹುಡುಗ ಅತ್ತುಬಿಟ್ಟ, ಪ್ರಾಕ್ಟೀಸಿಗೆ ಬರುತ್ತಿಲ್ಲ. ಯಾರು ಹೇಳುವುದು ನಿಜ? ಮೂವರನ್ನೇ ಮುಂದುವರಿಸಲಾ, ಹಳೆಯದಕ್ಕೆ ಹೋಗಲಾ? ಕೊನೇ ಹತ್ತು ನಿಮಿಷಕ್ಕೆ ಹೇಗೆ ತಯಾರಿ ಮಾಡಿಸಬೇಕು? ನಾನೇ ಬಿಟ್ಟುಬಿಡುವುದು ವಾಸಿಯಾ? ಒಂದು ಪಂದ್ಯದ ಎಂಟು ನಿಮಿಷದ ವಿಡಿಯೊ ಕಳಿಸಿದ್ದೇನೆ. ತಂಡದಲ್ಲಿ ಹದಿನೈದು ಹುಡುಗರಿದ್ದಾರೆ, ಹೊರಬಂದವರು ಮತ್ತೆ ಒಳಗೆ ಹೋಗಬಹುದು, ಆದರೆ ನಾನು ಗಾಯವಾದರಷ್ಟೇ ಬದಲಿಸುತ್ತೇನೆ. ಹೆಸರು ಹಾಕಬೇಡಿ.

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಸೀಟಿ ವಾಪಸ್ ಕೊಡಬೇಡಿ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಸಿಗುವ ಹಾಗಿದ್ದರೆ ಎರಡು ವರ್ಷದ ಹಿಂದೆಯೇ ಸಿಕ್ಕಿರುತ್ತಿದ್ದರು.

ನಿಮ್ಮನ್ನು ಕಾಡುತ್ತಿರುವುದು ನನಗೆ ಅರ್ಥವಾದ ಮಟ್ಟಿಗೆ ಇಷ್ಟು. ಒಂದು ದೊಡ್ಡ ತಂಡ ಕೊನೇ ಗಳಿಗೆಯಲ್ಲಿ ಗೆಲ್ಲುವುದನ್ನು ವರ್ಷವಿಡೀ ನೋಡಿದಿರಿ. ಅದೇ ಹಾದಿ ಹಿಡಿದಿರಿ. ನಿಮಗೆ ಅದೇ ಕೊನೇ ಗಳಿಗೆ ಮುಳುವಾಯಿತು. ಹಾಗಾದರೆ ಹಾದಿ ಸುಳ್ಳೋ, ಹುಡುಗರು ಸಾಲದೋ, ನಾನು ಸಾಲದೋ ಎಂಬ ಪ್ರಶ್ನೆ. ಇಪ್ಪತ್ತು ವರ್ಷದಿಂದ ಹುಡುಗರ ತಂಡಗಳಿಗೆ ಕೋಚಿಂಗ್ ಮಾಡುತ್ತಿರುವ ನಾನೂ ಈ ಗುಂಡಿಗೆ ಬಿದ್ದವನೇ. ಬಾರ್ಸಿಲೋನಾ ಲೋಕವನ್ನೆಲ್ಲ ಗೆಲ್ಲುತ್ತಿದ್ದ ಕಾಲದಲ್ಲಿ ನನ್ನ ಹದಿನಾರರ ಹುಡುಗರಿಗೆ ಗೋಲ್‌ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸಿನಲ್ಲಿ ಆಟ ಕಟ್ಟಲು ಹೇಳಿದ್ದೆ. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಜಾಸ್ತಿ. ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಬಿಟ್ಟುಕೊಟ್ಟೆವು, ನಾಲ್ಕೂ ನಮ್ಮದೇ ಪಾಸಿನಿಂದ.

ಮೊದಲು ಅದೃಷ್ಟದ ಮಾತು. ಇದನ್ನು ಬಾಯಲ್ಲಿ ವಾದಿಸುವುದಕ್ಕಿಂತ ಲೆಕ್ಕ ಹಾಕುವುದು ಲೇಸು, ಹಾಕಿಯೂ ನೋಡಿದೆ. ಆ ವರ್ಷ ಲೆವರ್ಕುಸೆನ್ 34 ಲೀಗ್ ಪಂದ್ಯದಲ್ಲಿ 28 ಗೆದ್ದು, 6 ಡ್ರಾ ಮಾಡಿ, ಒಂದನ್ನೂ ಸೋಲದೆ 90 ಪಾಯಿಂಟ್ ಗಳಿಸಿತು. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು. ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ಸೋಲಿಲ್ಲದೆ ಒಂದು ಸೀಸನ್ ಮುಗಿಸಿದ್ದು ಅದೇ ಮೊದಲು. ಎರಡನೇ ಸ್ಥಾನದ ಸ್ಟುಟ್‌ಗಾರ್ಟ್‌ಗೆ 73. ಈಗ 88ನೇ ನಿಮಿಷದಿಂದ ಈಚೆಗೆ ಹೊಡೆದು ಫಲಿತಾಂಶ ಬದಲಿಸಿದ ಗೋಲುಗಳನ್ನು ಅಳಿಸಿಹಾಕಿ. ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನ ಬಯರ್ನ್ ತಂಡದ ವಿರುದ್ಧ ಪಲಾಸಿಯೊಸ್ 94ನೇ ನಿಮಿಷದಲ್ಲಿ ಹೊಡೆದ ಪೆನಾಲ್ಟಿ ಇರುವುದಿಲ್ಲ, ಒಂದು ಪಾಯಿಂಟ್ ಹೋಯಿತು. ಜನವರಿಯಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅದೇ ಪಲಾಸಿಯೊಸ್ 94ನೇ ನಿಮಿಷದಲ್ಲಿ ಹೊಡೆದದ್ದು ಇಲ್ಲ, ಎರಡು ಹೋಯಿತು. ಮುಂದಿನ ವಾರ ಲೈಪ್‌ಜಿಗ್‌ನಲ್ಲಿ ಇಂಕಾಪಿಯೆ 91ರಲ್ಲಿ ಹೊಡೆದದ್ದು, ಇನ್ನೆರಡು. ಮಾರ್ಚ್ ಕೊನೆಯಲ್ಲಿ ಹಾಫನ್‌ಹೈಮ್ ವಿರುದ್ಧ 88ನೇ ನಿಮಿಷದವರೆಗೂ 0–1 ಹಿಂದಿದ್ದರು. ಆಂಡ್ರಿಶ್ ಸಮ ಮಾಡಿದರು, 91ರಲ್ಲಿ ಶಿಕ್ ಗೆಲ್ಲಿಸಿದರು. ಅಲ್ಲಿ ಮೂರು. ಏಪ್ರಿಲ್‌ನಲ್ಲಿ ಡಾರ್ಟ್‌ಮಂಡ್ ವಿರುದ್ಧ ಸ್ಟಾನಿಶಿಚ್ 97ರಲ್ಲಿ, ಅದರ ಮುಂದಿನ ವಾರ ಸ್ಟುಟ್‌ಗಾರ್ಟ್ ವಿರುದ್ಧ ಆಂಡ್ರಿಶ್ 96ರಲ್ಲಿ ಹೊಡೆದ ಗೋಲುಗಳಿಗೆ ಒಂದೊಂದು. ಎಲ್ಲ ಕೂಡಿದರೆ ಹತ್ತು ಪಾಯಿಂಟ್.

ಹತ್ತು ಕಳೆದರೆ ಉಳಿಯುವುದು 80. ಕೈತಪ್ಪಿದ ಎರಡು ಪಾಯಿಂಟನ್ನು ಸ್ಟುಟ್‌ಗಾರ್ಟ್‌ಗೆ ಕೊಟ್ಟರೂ ಅದು 75ಕ್ಕೆ ನಿಲ್ಲುತ್ತದೆ, ಬಯರ್ನ್ 74ಕ್ಕೆ. ಲೆವರ್ಕುಸೆನ್ ಆಗಲೂ ಚಾಂಪಿಯನ್. ಆದರೆ ಬಯರ್ನ್, ಹಾಫನ್‌ಹೈಮ್, ಡಾರ್ಟ್‌ಮಂಡ್, ಸ್ಟುಟ್‌ಗಾರ್ಟ್ ಎದುರು ನಾಲ್ಕು ಸೋಲು ದಾಖಲಾಗುತ್ತಿತ್ತು. ಹೀಗಾಗಿ ‘ಅದೃಷ್ಟ’ ಅನ್ನುವ ಆ ಅಪ್ಪನ ಮಾತಿನಲ್ಲಿ ಕಾಲುಭಾಗ ನಿಜ ಇದೆ. ‘ಸೋಲಿಲ್ಲದ’ ಎಂಬ ಪದ ಸಿಕ್ಕಿದ್ದರಲ್ಲಿ ಅದೃಷ್ಟಕ್ಕೂ ಪಾಲುಂಟು. ಟ್ರೋಫಿಗೆ ಅದರ ಹಂಗಿರಲಿಲ್ಲ. ನಿಮ್ಮ ಹುಡುಗರು ಮೊಬೈಲಿನಲ್ಲಿ ನೋಡುವ ಗೋಲುಗಳನ್ನೆಲ್ಲ ತೆಗೆದರೂ ಆ ತಂಡ ಲೀಗ್ ಗೆಲ್ಲುತ್ತಿತ್ತು. ನೀವು ನಕಲು ಮಾಡಲು ಆರಿಸಿಕೊಂಡದ್ದು ಆ ಸೀಸನ್ನಿನ ತುರಾಯಿಯನ್ನು.

ಹಾಗಾದರೆ ಗೆಲ್ಲಿಸಿದ್ದು ಯಾವುದು? ನನ್ನನ್ನು ಕೇಳಿದರೆ 24. ಅವರು 34 ಪಂದ್ಯದಲ್ಲಿ ಬಿಟ್ಟುಕೊಟ್ಟ ಗೋಲುಗಳು ಇಷ್ಟೇ. ಅವರ ನಂತರದ ಗಟ್ಟಿ ಡಿಫೆನ್ಸ್ ಸ್ಟುಟ್‌ಗಾರ್ಟ್ ಮತ್ತು ಲೈಪ್‌ಜಿಗ್‌ನದು, ತಲಾ 39. ಬಯರ್ನ್ 45 ಬಿಟ್ಟುಕೊಟ್ಟಿತು. ಅದೇ ಬಯರ್ನ್ ಹೊಡೆದದ್ದು 94 ಗೋಲು, ಲೆವರ್ಕುಸೆನ್ 89. ಬಯರ್ನ್‌ನ ಹ್ಯಾರಿ ಕೇನ್ ಒಬ್ಬರೇ 36 ಹೊಡೆದರು. ಹೆಚ್ಚು ಗೋಲು ಹೊಡೆದವರು ಮೂರನೇ ಸ್ಥಾನಕ್ಕೆ ಹೋದರು. ನೀವು ಪತ್ರದಲ್ಲಿ ಈ 24ರ ಸುದ್ದಿಯನ್ನೇ ಎತ್ತಿಲ್ಲ. ನಿಮ್ಮ ತಪ್ಪಲ್ಲ, ಯಾರೂ ಎತ್ತುವುದಿಲ್ಲ. ಬೀಳದ ಗೋಲಿಗೆ ವಿಡಿಯೊ ಇರುವುದಿಲ್ಲವಲ್ಲ.

ಕೊನೇ ನಿಮಿಷದ ಗೋಲಿಗೂ ಇದಕ್ಕೂ ನೇರ ನಂಟಿದೆ. ಎಂಬತ್ತೆಂಟನೇ ನಿಮಿಷದಲ್ಲಿ ನೀವು ಸಮನಾಗಿದ್ದರೆ ಅಥವಾ ಒಂದೇ ಒಂದು ಗೋಲು ಹಿಂದಿದ್ದರೆ ತಾನೆ ಒಂದು ಕಾರ್ನರ್ ನಿಮ್ಮನ್ನು ಉಳಿಸುವುದು? ಮೂರು ಹಿಂದಿದ್ದರೆ ಯಾವ ಆಂಡ್ರಿಶ್ ಬಂದು ಏನು ಮಾಡಿಯಾರು? ಆ ವರ್ಷ ಅವರಿಗೆ ಮೂರು ಗೋಲಿನ ಅಂತರ ಬಿದ್ದದ್ದು ಒಂದೇ ಸಲ, ಮೇ 22ರಂದು ಡಬ್ಲಿನ್‌ನಲ್ಲಿ ನಡೆದ ಯುರೋಪಾ ಲೀಗ್ ಫೈನಲ್‌ನಲ್ಲಿ. ಇಟಲಿಯ ಅಟಲಾಂಟಾ ತಂಡದ ಲುಕ್‌ಮನ್ 26 ನಿಮಿಷದೊಳಗೆ ಎರಡು, ಆಮೇಲೆ ಇನ್ನೊಂದು ಹೊಡೆದು ಮುಗಿಸಿದರು. 51 ಪಂದ್ಯದ ಸೋಲಿಲ್ಲದ ಓಟ ಅಲ್ಲಿಗೆ ನಿಂತಿತು. ಕೊನೇ ನಿಮಿಷಕ್ಕೆ ಮಾಡಲು ಏನೂ ಉಳಿದಿರಲಿಲ್ಲ.

‘ಬಯರ್ನ್ ಕುಸಿದದ್ದರಿಂದ ಇವರಿಗೆ ಸಿಕ್ಕಿತು’ ಎಂಬುದೂ ನಿಮ್ಮ ಮೈದಾನದ ಅಂಚಿನಲ್ಲಿ ಕೇಳಿಬರುತ್ತಿರಬಹುದು. ಬಯರ್ನ್ ಅದರ ಹಿಂದಿನ ವರ್ಷ ಸತತ ಹನ್ನೊಂದನೇ ಸಲ ಚಾಂಪಿಯನ್ ಆದದ್ದು 71 ಪಾಯಿಂಟಿಗೆ, ಅದೂ ಡಾರ್ಟ್‌ಮಂಡ್ ಜೊತೆ ಪಾಯಿಂಟ್ ಸಮವಾಗಿ ಗೋಲು ಅಂತರದ ಮೇಲೆ. 2023–24ರಲ್ಲಿ ಅವರು 72 ಗಳಿಸಿದರು. ಒಂದು ಹೆಚ್ಚೇ!

ಫ್ಯಾಕ್ಟರಿ ದುಡ್ಡಿನ ಮಾತನ್ನು ಬೇಗ ಮುಗಿಸೋಣ. ಕ್ಲಬ್ಬು ಹುಟ್ಟಿದ್ದೇ 1904ರಲ್ಲಿ ಬಾಯರ್ ಎಂಬ ಔಷಧ ಕಂಪನಿಯ ಕೆಲಸಗಾರರಿಂದ. ಜರ್ಮನಿಯಲ್ಲಿ ಕ್ಲಬ್ಬಿನ ಹಿಡಿತ ಸದಸ್ಯರ ಕೈಯಲ್ಲಿರಬೇಕು ಎಂಬ ‘50+1’ ನಿಯಮದಿಂದ ಅದಕ್ಕೆ ವಿನಾಯಿತಿ ಇರುವುದೂ ನಿಜ, ಕಂಪನಿ ಬೆನ್ನಿಗಿರುವುದು ದೊಡ್ಡ ಆಸರೆ ಎಂಬುದೂ ನಿಜ. ಆದರೆ ಆ ಆಸರೆ ಇದ್ದೂ 1979ರಲ್ಲಿ ಮೊದಲ ದರ್ಜೆಗೆ ಬಂದ ಮೇಲೆ ನಲವತ್ತೈದು ವರ್ಷ ಅವರು ಲೀಗ್ ಗೆದ್ದಿರಲಿಲ್ಲ. 2023ರ ಬೇಸಿಗೆಯಲ್ಲಿ ಬಯರ್ನ್ ಕೇನ್ ಒಬ್ಬರಿಗೇ 10 ಕೋಟಿ ಯೂರೊ ಆಸುಪಾಸು ಸುರಿಯಿತು. ಲೆವರ್ಕುಸೆನ್ ತನ್ನ ವೇಗದ ಆಟಗಾರ ದಿಯಾಬಿಯನ್ನು ಆಸ್ಟನ್ ವಿಲ್ಲಾಗೆ ಮಾರಿತು. ಗ್ರಿಮಾಲ್ಡೊ ಬಂದದ್ದು ಒಪ್ಪಂದ ಮುಗಿದು, ವರ್ಗಾವಣೆ ಹಣವಿಲ್ಲದೆ. ಸ್ಟಾನಿಶಿಚ್ ಅಂತೂ ಬಯರ್ನ್‌ನಿಂದಲೇ ಒಂದು ವರ್ಷಕ್ಕೆ ಕಡ ತಂದವರು. ಫೆಬ್ರವರಿ 10ರಂದು ಬಯರ್ನನ್ನು 3–0 ಸೋಲಿಸಿದಾಗ ಮೊದಲ ಗೋಲು ಅವರದೇ! ದುಡ್ಡು ಇತ್ತು, ಅದನ್ನು ಯಾವ ಆಟಕ್ಕೆ ಯಾರು ಬೇಕೆಂದು ನೋಡಿ ಖರ್ಚು ಮಾಡಿದರು. ಆ ಅಪ್ಪನಿಗೆ ಇಷ್ಟು ಸಾಕು.

ಮನೋಬಲ ಅನ್ನುವವರ ಜೊತೆ ಮಾತ್ರ ನನಗೆ ಸ್ವಲ್ಪ ಜಗಳವೇ ಇದೆ, ಯಾಕೆಂದರೆ ಈ ಮಾತು ಹುಡುಗರ ತಲೆಗೆ ಹೋಗುತ್ತದೆ. ಮನೋಬಲ ಇಲ್ಲದ ತಂಡ ಎಂದು ಇಡೀ ಜರ್ಮನಿ ಆಡಿಕೊಳ್ಳುತ್ತಿದ್ದದ್ದು ಇದೇ ಲೆವರ್ಕುಸೆನ್ ಬಗ್ಗೆ. 2000ದಲ್ಲಿ ಕೊನೇ ದಿನ ಉಂಟರ್‌ಹಾಖಿಂಗ್ ಎಂಬ ಸಣ್ಣ ಊರಿನ ತಂಡದ ಜೊತೆ ಡ್ರಾ ಮಾಡಿದ್ದರೂ ಚಾಂಪಿಯನ್ ಆಗುತ್ತಿದ್ದರು. ಮಿಶಾಯೆಲ್ ಬಲಾಕ್ ತಮ್ಮದೇ ಗೋಲಿಗೆ ಹೊಡೆದುಬಿಟ್ಟರು, 2–0 ಸೋತರು. 2002ರಲ್ಲಿ ಮೂರು ಪಂದ್ಯ ಉಳಿದಿರುವಾಗ ಐದು ಪಾಯಿಂಟ್ ಮುಂದಿದ್ದು ಲೀಗ್ ಕಳೆದುಕೊಂಡರು, ಜರ್ಮನ್ ಕಪ್ ಫೈನಲ್ ಸೋತರು, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಸೋತರು. ಊರಿನ ಹೆಸರಿಗೆ ‘ಉಪ’ ಸೇರಿಸಿ ‘ಫಿತ್ಸೆಕುಸೆನ್’ ಎಂದು ಕರೆದರು. ನಿಮ್ಮ ಜೊತೆ ಅಂಚಿನಲ್ಲಿ ನಿಲ್ಲುವ ಜರ್ಮನ್ ಅಪ್ಪಂದಿರಿಗೆ ಈ ಪದ ಬಾಯಿಪಾಠ ಇರುತ್ತದೆ. ಆ ಊರಿನ ನೀರಿನಲ್ಲೇ ಹೆದರಿಕೆ ಇದೆ ಎಂಬಂತೆ ಮಾತಾಡಿದವರು, ಇಪ್ಪತ್ತೆರಡು ವರ್ಷ ಕಳೆದು, ಅದೇ ಊರಿನ ತಂಡದ ಮನೋಬಲವನ್ನು ಕೊಂಡಾಡಿದರು. ಗೆದ್ದ ಮೇಲೆ ಮನೋಬಲ ಇತ್ತು ಅನ್ನುವುದು, ಸೋತ ಮೇಲೆ ಇರಲಿಲ್ಲ ಅನ್ನುವುದು, ಫಲಿತಾಂಶ ನೋಡಿ ಜಾತಕ ಬರೆದ ಹಾಗೆ.

ನಡುವೆ ಬದಲಾದದ್ದು ಕಣ್ಣಿಗೆ ಕಾಣುವಂಥದ್ದು. 2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೊನ್ಸೊ ಕೋಚ್ ಆಗಿ ಬಂದಾಗ ತಂಡ 17ನೇ ಸ್ಥಾನದಲ್ಲಿ, ಅಂದರೆ ಕೆಳಗಿನ ದರ್ಜೆಗೆ ಜಾರುವ ಜಾಗದಲ್ಲಿತ್ತು. ಅವರು ಮೊದಲು ಕೈಹಾಕಿದ್ದು ಗೋಲು ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ. ಆ ವರ್ಷ ಆರನೇ ಸ್ಥಾನಕ್ಕೆ ಬಂದರು. ಮರುವರ್ಷದ ಆಟ ನೀವು ನೋಡಿದ್ದು. ಅಂದರೆ ನಿಮ್ಮ ಹುಡುಗರ ಮೊಬೈಲಿನಲ್ಲಿರುವ ಆಟದ ಹಿಂದೆ ದಿನಾ ಪ್ರಾಕ್ಟೀಸ್ ಮಾಡುವ ಸಂಬಳದ ಆಟಗಾರರ ಹತ್ತು ತಿಂಗಳ ದುಡಿಮೆ ಇದೆ. ನಿಮ್ಮದು ವಾರಕ್ಕೆ ಎರಡು ಸಂಜೆ, ಅದರಲ್ಲೂ ಮಳೆ.

ಈಗ ಮೂವರು ಡಿಫೆಂಡರ್ ವಿಷಯ, ನಿಮ್ಮ ವಿಡಿಯೊದ ವಿಷಯ.

ಕಾಗದದ ಮೇಲೆ ಲೆವರ್ಕುಸೆನ್ ಆಡಿದ್ದು 3-4-2-1, ಅಂದರೆ ಹಿಂದಿನಿಂದ ಮುಂದಕ್ಕೆ ಮೂವರು, ನಾಲ್ವರು, ಇಬ್ಬರು, ಒಬ್ಬ. ಚೆಂಡು ತಮ್ಮ ಕಾಲಿನಲ್ಲಿದ್ದಾಗ ನೋಡಿದರೆ ಐದು ಜನ ಮುಂದೆ, ಐದು ಜನ ಹಿಂದೆ. ಮುಂದೆ ಒಬ್ಬ ಸ್ಟ್ರೈಕರ್, ಅವರ ಹಿಂದೆ ವಿರ್ಟ್ಸ್ ಮತ್ತು ಹಾಫ್‌ಮನ್, ಎರಡು ಅಂಚಿನಲ್ಲಿ ಗ್ರಿಮಾಲ್ಡೊ ಮತ್ತು ಫ್ರಿಂಪಾಂಗ್. ಹಿಂದೆ ಮೂವರು ಡಿಫೆಂಡರ್‌ಗಳು, ಅವರ ಮುಂದೆ ಜಾಕಾ, ಜೊತೆಗೆ ಪಲಾಸಿಯೊಸ್ ಅಥವಾ ಆಂಡ್ರಿಶ್. ಈ ಹಿಂದಿನ ಐವರೇ ಯಂತ್ರ. ಚೆಂಡು ತಪ್ಪಿದ ಕ್ಷಣ ಅದು ಎಲ್ಲಿಗೆ ಬರುತ್ತದೋ ಅಲ್ಲಿ ಆಗಲೇ ಒಬ್ಬ ನಿಂತಿರುತ್ತಾನೆ. ಜರ್ಮನ್ ಕೋಚ್‌ಗಳು ಇದಕ್ಕೆ ‘ರೆಸ್ಟ್‌ಫೆರ್ಟೈಡಿಗುಂಗ್’ ಅನ್ನುತ್ತಾರೆ, ದಾಳಿ ಮಾಡುವಾಗ ಹಿಂದೆ ಉಳಿಸಿದ ಕಾವಲು. ಈ ಕಾವಲು ಇದ್ದುದರಿಂದ ಎದುರಾಳಿ ಹೊರಗೆ ಒದ್ದ ಚೆಂಡು ಮತ್ತೆ ಇವರ ಕಾಲಿಗೇ ಬರುತ್ತಿತ್ತು, ಮತ್ತೆ ದಾಳಿ, ಮತ್ತೆ ಕಾರ್ನರ್. ಅರ್ಧ ಗಂಟೆ ಹೀಗೆ ಒತ್ತಿದರೆ ಎದುರಾಳಿಯ ಕಾಲು ಸೋಲುತ್ತದೆ. ಡಾರ್ಟ್‌ಮಂಡ್‌ನಲ್ಲಿ ಸ್ಟಾನಿಶಿಚ್ ತಲೆಯಿಂದ ಹೊಡೆದ ಗೋಲು ಬಂದದ್ದು ವಿರ್ಟ್ಸ್ ತೆಗೆದ ಕಾರ್ನರ್‌ನಿಂದ. ಕೊನೇ ನಿಮಿಷದ ಗೋಲನ್ನು ಹೆತ್ತದ್ದು ಅದಕ್ಕೂ ಮೊದಲಿನ ಅರ್ಧ ಗಂಟೆ.

ಅಂಚಿನ ಆ ಇಬ್ಬರನ್ನೂ ಸ್ವಲ್ಪ ನೋಡಿ. ಹೆಸರಿಗೆ ಡಿಫೆನ್ಸ್ ಕಡೆಯವರು. ಲೀಗಿನಲ್ಲಿ ಗ್ರಿಮಾಲ್ಡೊ ಹೊಡೆದದ್ದು 10 ಗೋಲು, ಫ್ರಿಂಪಾಂಗ್ 9. ಒಂದು ಗೋಲುಪೆಟ್ಟಿಗೆಯಿಂದ ಇನ್ನೊಂದಕ್ಕೆ ಪಂದ್ಯವಿಡೀ ಓಡಬಲ್ಲವರು. ಇಂಥ ಇಬ್ಬರು ಸಿಕ್ಕಿದ್ದರಿಂದಲೇ ಆ ಆಕಾರ ನಿಂತಿತು. ಬಯರ್ನನ್ನು 3–0 ಸೋಲಿಸಿದ ದಿನ ಅಲೊನ್ಸೊ ಫ್ರಿಂಪಾಂಗ್‌ರನ್ನೂ ಶುರುವಿನಲ್ಲಿ ಬೆಂಚಿನಲ್ಲಿ ಕೂರಿಸಿ, ಆ ಅಂಚನ್ನು ಸ್ಟಾನಿಶಿಚ್‌ಗೆ ಕೊಟ್ಟಿದ್ದರು ಎಂಬುದನ್ನೂ ನೆನಪಿಡಿ. ಆಮೇಲೆ ಒಳಗೆ ಬಂದ ಫ್ರಿಂಪಾಂಗ್ 95ನೇ ನಿಮಿಷದಲ್ಲಿ, ಬಯರ್ನ್ ಕೀಪರ್ ನಾಯರ್ ಕಾರ್ನರ್‌ಗೆಂದು ಮುಂದೆ ಹೋಗಿ ಖಾಲಿ ಬಿಟ್ಟಿದ್ದ ಗೋಲಿಗೆ ದೂರದಿಂದ ಹೊಡೆದರು. ನಿಮ್ಮ ಹುಡುಗರು ಈ ಗೋಲನ್ನು ಖಂಡಿತ ನೋಡಿರುತ್ತಾರೆ. ಅದರಲ್ಲಿ ನಿಮ್ಮ ತಂಡ ಯಾವುದು ಎಂದು ಅವರನ್ನು ಕೇಳಿ. ಎಲ್ಲರೂ ಮುಂದೆ ಹೋಗಿ ಹಿಂದೆ ಖಾಲಿ ಬಿಟ್ಟವರು ಆ ದಿನ ಬಯರ್ನ್‌ನವರು.

ವಿಡಿಯೊ ನಾಲ್ಕು ಸಲ ನೋಡಿದೆ. ನಿಮ್ಮ ಎಪ್ಪತ್ತು ನಿಮಿಷದ ಪಂದ್ಯದಲ್ಲಿ ಅರವತ್ತನಾಲ್ಕನೇ ನಿಮಿಷ, 2–2. ಎಡ ಅಂಚಿನ ಹುಡುಗ, ನೀಲಿ ಶೂ ಹಾಕಿದವನು, ಎದುರಾಳಿಯ ಕಾರ್ನರ್ ಬಾವುಟದ ಹತ್ತಿರ ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದಾನೆ. ಅವನು ಅಲ್ಲಿಗೆ ಓಡಿಬಂದದ್ದು ಆ ಎಂಟು ನಿಮಿಷದಲ್ಲಿ ಐದನೇ ಸಲ. ಎದುರಾಳಿ ಚೆಂಡನ್ನು ಅವನ ತಲೆ ಮೇಲಿಂದ ಒದೆಯುತ್ತಾನೆ. ಅವನು ತಿರುಗಿ ನೋಡುತ್ತಾನೆ, ಓಡುವುದಿಲ್ಲ, ಓಡಲು ಆಗುವುದಿಲ್ಲ. ಮೂವರು ಡಿಫೆಂಡರ್‌ಗಳಲ್ಲಿ ಎಡಗಡೆಯವನು ಆ ಖಾಲಿ ಜಾಗ ಮುಚ್ಚಲು ಗೆರೆಯತ್ತ ಹೋಗುತ್ತಾನೆ. ಅವನು ಬಿಟ್ಟ ಜಾಗಕ್ಕೆ ನಡುವಿನವನು ಸರಿಯಬೇಕಿತ್ತು, ಅವನೂ ಚೆಂಡು ನೋಡುತ್ತ ನಿಂತ. ಗೋಲಿನ ಎದುರು ಅವರ ಮೂವರು, ನಿಮ್ಮವರು ಇಬ್ಬರು, ಹಿಂದೆ ಆ ಗೋಲ್‌ಕೀಪರ್. ಮಿಡ್‌ಫೀಲ್ಡಿನ ನಾಲ್ವರಲ್ಲಿ ಒಬ್ಬನೂ ಚೌಕಟ್ಟಿನಲ್ಲಿ ಕಾಣುವುದಿಲ್ಲ. ಎಲ್ಲಿ ಹೋದರು? ವಿಡಿಯೊದ ದನಿ ಜೋರು ಮಾಡಿದಾಗ ಗೊತ್ತಾಯಿತು. ‘ಅಲ್ಲೆ ನಾಖ್ ಫೋರ್ನೆ! ಎಲ್ಲಾ ಮುಂದೆ!’ ಎಂದು ನೀವು ಎರಡು ಭಾಷೆಯಲ್ಲೂ ಕೂಗುತ್ತಿದ್ದೀರಿ. ಎಂಟು ನಿಮಿಷದಲ್ಲಿ ಹನ್ನೊಂದು ಸಲ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಹಳೆಯ ವಿಡಿಯೊಗಳ ದನಿ ಕೇಳಿದರೆ ನಾನೂ ಕಿವಿ ಮುಚ್ಚಿಕೊಳ್ಳುತ್ತೇನೆ.

ಹದಿನಾಲ್ಕರ ಹುಡುಗರಲ್ಲಿ ಇನ್ನೊಂದು ತೊಡಕಿದೆ, ಸಂಬಳದ ತಂಡಗಳಿಗೆ ಇಲ್ಲದ್ದು. ಒಬ್ಬನಿಗೆ ಆಗಲೇ ಮೀಸೆ ಚಿಗುರಿರುತ್ತದೆ, ಪಕ್ಕದವನು ಇನ್ನೂ ಆರನೇ ಕ್ಲಾಸಿನವನಂತೆ ಇರುತ್ತಾನೆ. ಬೇಗ ಬೆಳೆಯುತ್ತಿರುವವನ ಮಂಡಿ, ಹಿಮ್ಮಡಿ ನೋಯುತ್ತಿರುತ್ತದೆ, ಅವನು ಹೇಳುವುದಿಲ್ಲ. ಇಡೀ ಅಂಚನ್ನು ಒಬ್ಬನ ತಲೆಗೆ ಕಟ್ಟುವ ಆಟ ಈ ವಯಸ್ಸಿಗೆ ಭಾರ. ನೀಲಿ ಶೂ ಹುಡುಗ ಸೋಮಾರಿಯಲ್ಲ, ದಣಿದಿದ್ದಾನೆ. ಅವನನ್ನು ಬದಲಿಸಬಹುದಿತ್ತು. ಹದಿನೈದು ಹುಡುಗರಿದ್ದಾರೆ, ಹೊರಬಂದವರು ಮತ್ತೆ ಒಳಗೆ ಹೋಗಬಹುದೆಂಬ ನಿಯಮವೂ ಇದೆ ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಆದರೂ ಗಾಯವಾದರಷ್ಟೇ ಬದಲಿಸುತ್ತೀರಂತೆ. ಲೆವರ್ಕುಸೆನ್‌ನಿಂದ ಕಲಿಯಬೇಕಾದದ್ದು ಇಲ್ಲಿತ್ತು ನೋಡಿ. ಜನವರಿಯಲ್ಲಿ ಮುಖ್ಯ ಸ್ಟ್ರೈಕರ್ ಬೋನಿಫೇಸ್ ಗಾಯದಿಂದ ಏಪ್ರಿಲ್‌ವರೆಗೆ ಹೊರಗುಳಿದರು. ಟಾಪ್ಸೋಬಾ, ಕೊಸ್ಸುನು, ಅದ್ಲಿ ಆಫ್ರಿಕಾ ಕಪ್‌ಗೆ ಹೋದರು. ಆಗ್ಸ್‌ಬರ್ಗ್, ಲೈಪ್‌ಜಿಗ್ ಪಂದ್ಯಗಳ ಕೊನೇ ಗೋಲು ಬಂದದ್ದು ಆ ಕೊರತೆಯ ತಿಂಗಳಲ್ಲೇ. ಏಪ್ರಿಲ್ 14ರಂದು ಬ್ರೆಮನ್ ವಿರುದ್ಧ 5–0 ಗೆದ್ದು ಚಾಂಪಿಯನ್ ಆದ ದಿನ ಮೂರು ಗೋಲು ಹೊಡೆದ ವಿರ್ಟ್ಸ್ ಮೈದಾನಕ್ಕೆ ಇಳಿದದ್ದು ಅರ್ಧ ಪಂದ್ಯ ಮುಗಿದ ಮೇಲೆ. ತಂಡದ ರತ್ನವನ್ನೇ ಬೆಂಚಿನಲ್ಲಿ ಕೂರಿಸಿ ಶುರು ಮಾಡಿದ್ದರು!

ನಿಮ್ಮ ಮುಂದೆ ಮೂರು ದಾರಿ ಇವೆ. ಯಾವುದೂ ಪುಕ್ಕಟೆಯಲ್ಲ.

ಹಳೆಯ ನಾಲ್ಕು ಡಿಫೆಂಡರ್‌ಗಳಿಗೆ ಮರಳಬಹುದು. ಅಂಚಿನಲ್ಲಿ ಇಬ್ಬಿಬ್ಬರು ಇರುವುದರಿಂದ ಒಬ್ಬ ಮುಂದೆ ಹೋದರೆ ಇನ್ನೊಬ್ಬನಿಗೆ ತನ್ನ ಕೆಲಸ ಗೊತ್ತಿರುತ್ತದೆ. ಗೋಲು ಬೀಳುವುದು ಬೇಗ ಕಡಿಮೆಯಾಗುತ್ತದೆ. ಅಪಾಯ ಏನೆಂದರೆ ಹುಡುಗರು ಇದನ್ನು ಶಿಕ್ಷೆ ಅಂದುಕೊಳ್ಳುತ್ತಾರೆ, ‘ನಮಗೆ ಆಗಲಿಲ್ಲ’ ಎಂಬುದು ಅವರ ಮನಸ್ಸಿನಲ್ಲಿ ಕೂರುತ್ತದೆ. ಅದಕ್ಕೇ ಬದಲಿಸುವ ದಿನ ಕಾರಣ ಹೇಳಿ ಬದಲಿಸಬೇಕು, ವಿಡಿಯೊ ತೋರಿಸಿ, ತಪ್ಪು ನಿಮ್ಮದೆಂದು ನೀವೇ ಹೇಳಿ.

ಮೂವರನ್ನೇ ಇಟ್ಟುಕೊಂಡು, ಎರಡು ಅಂಚಿನವರಲ್ಲಿ ಒಮ್ಮೆಗೆ ಒಬ್ಬನೇ ಮುಂದೆ ಹೋಗಬೇಕು, ಇನ್ನೊಬ್ಬ ಹಿಂದೆ ಸರಿದು ಸಾಲು ಸೇರಬೇಕು ಎಂದು ಕಟ್ಟು ಮಾಡಬಹುದು. ಆಗ ಲೆಕ್ಕಕ್ಕೆ ಮೂವರು, ಕೆಲಸಕ್ಕೆ ನಾಲ್ವರು. ಹುಡುಗರ ಆಸೆಯೂ ಉಳಿಯುತ್ತದೆ. ಆದರೆ ಯಾರು ಹೋಗಬೇಕು, ಯಾರು ನಿಲ್ಲಬೇಕು ಎಂಬ ಗೊಂದಲ ತೀರಲು ವಾರಕ್ಕೆ ಎರಡು ಸಂಜೆಯ ಲೆಕ್ಕದಲ್ಲಿ ಆರೇಳು ವಾರ ಹಿಡಿಯುತ್ತದೆ. ಅಷ್ಟು ದಿನ ಇಬ್ಬರೂ ಹೋಗುವುದು, ಇಬ್ಬರೂ ನಿಲ್ಲುವುದು, ಎರಡೂ ಆಗುತ್ತದೆ.

ಈಗಿನಂತೆಯೇ ಆಡಿಸುತ್ತ ಓಟದ ಶಕ್ತಿ ಹೆಚ್ಚಿಸುವುದು ಮೂರನೆಯದು. ಕೆಲವು ಕೋಚ್‌ಗಳು ಇದನ್ನೇ ಹೇಳುತ್ತಾರೆ. ನಾನು ಹೇಳುವುದಿಲ್ಲ. ಬೆಳೆಯುತ್ತಿರುವ ಮಕ್ಕಳನ್ನು ಸುಮ್ಮನೆ ಓಡಿಸಿ ಮಂಡಿ ಸವೆಸುವುದಷ್ಟೇ ಆಗುತ್ತದೆ, ಜಾಗ ಖಾಲಿ ಬಿಡುವ ಚಾಳಿ ಹೋಗುವುದಿಲ್ಲ.

ನಾನಾದರೆ ಚಳಿಗಾಲದ ರಜೆವರೆಗೆ ಪಂದ್ಯಗಳಲ್ಲಿ ಮೊದಲನೆಯದು, ಪ್ರಾಕ್ಟೀಸಿನಲ್ಲಿ ಎರಡನೆಯದು. ರಜೆ ಮುಗಿದ ಮೇಲೆ ಹುಡುಗರನ್ನೇ ಕೇಳುತ್ತೇನೆ.

ಕೊನೇ ಹತ್ತು ನಿಮಿಷದ ತಯಾರಿಗೆ ಗುರುವಾರದ ಪ್ರಾಕ್ಟೀಸಿನಲ್ಲಿ ಎಂಟು ನಿಮಿಷದ ಆಟ ಆಡಿಸಿ. ಒಂದು ಕಡೆಯವರು 1–0 ಮುಂದಿದ್ದಾರೆ ಎಂದು ಶುರು. ಹಿಂದಿರುವ ತಂಡ ದಾಳಿ ಮಾಡಬಹುದು, ಆದರೆ ತಂಡದ ಅರ್ಧದಷ್ಟು ಜನ ಚೆಂಡಿನ ಹಿಂದೆ ಇರಲೇಬೇಕು. ಇಲ್ಲದಾಗ ಹೊಡೆದ ಗೋಲು ಲೆಕ್ಕಕ್ಕಿಲ್ಲ. ಮೊದಲ ಎರಡು ವಾರ ‘ಬೋರ್’ ಅನ್ನುತ್ತಾರೆ, ತಡೆದುಕೊಳ್ಳಿ. ಆ ಎಂಟು ನಿಮಿಷ ನೀವು ಬಾಯಿ ತೆರೆಯಬಾರದು. ಪಂದ್ಯದಲ್ಲಿ ನಲವತ್ತೈದನೇ ನಿಮಿಷಕ್ಕೆ, ಯಾರು ಚೆನ್ನಾಗಿ ಆಡುತ್ತಿದ್ದರೂ ಸರಿ, ಅಂಚಿನ ಇಬ್ಬರನ್ನೂ ಬದಲಿಸಿ, ಅರವತ್ತಕ್ಕೆ ಬೇಕಾದರೆ ವಾಪಸ್ ಕಳಿಸಿ. ಕಾರ್ನರ್ ಸಿಕ್ಕಾಗ ಯಾರು ಹಿಂದೆ ಉಳಿಯಬೇಕು ಎಂಬುದನ್ನು ಮೈದಾನದ ಗಡಿಬಿಡಿಯಲ್ಲಿ ಹೇಳುವುದಲ್ಲ, ಮೊದಲೇ ಮೂರು ಹೆಸರು ನಿಗದಿಯಾಗಿರಲಿ.

ಆ ಹೆಸರುಗಳನ್ನು ಆರಿಸುವ ಕೆಲಸ ಗೋಲ್‌ಕೀಪರ್ ಹುಡುಗನಿಗೆ ಕೊಡಿ. ಅದಕ್ಕೆ ಮೊದಲು ಅವನು ವಾಪಸ್ ಬರಬೇಕಲ್ಲ. ವಾಟ್ಸಾಪ್ ಮೆಸೇಜ್ ಹಾಕಬೇಡಿ, ಅವನ ಅಪ್ಪ ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು ಮನೆಗೆ ಹೋಗಿ. ಕೊನೇ ಹತ್ತು ನಿಮಿಷದಲ್ಲಿ ಬಿದ್ದ ಗೋಲುಗಳನ್ನು ಒಂದೊಂದಾಗಿ ಹೇಳಿ, ಅವನದೇ ತಪ್ಪಿನಿಂದ ಬಿದ್ದದ್ದು ಯಾವುದು, ಮುಂದಿನವರು ಬಿಟ್ಟುಕೊಟ್ಟದ್ದು ಯಾವುದು ಎಂದು ಬಿಡಿಸಿ ತೋರಿಸಿ. ವಿಡಿಯೊದಲ್ಲಿರುವ ಗೋಲು ನಾಯರ್ ಇದ್ದಿದ್ದರೂ ಬೀಳುತ್ತಿತ್ತು. ಒಂದು ಅವನ ತಪ್ಪೇ ಆಗಿದ್ದರೆ ಅದನ್ನೂ ಹೇಳಿ, ಮುಚ್ಚಿಟ್ಟರೆ ಉಳಿದದ್ದನ್ನೂ ನಂಬುವುದಿಲ್ಲ.

ಆಮೇಲೆ ಅವನ ಜೊತೆ ಕೂತು ಒಂದು ಆಟ ನೋಡಿ. ಡಬ್ಲಿನ್‌ನಲ್ಲಿ 0–3 ಸೋತ ಮೂರನೇ ದಿನ, ಮೇ 25ರಂದು ಬರ್ಲಿನ್‌ನಲ್ಲಿ ಲೆವರ್ಕುಸೆನ್‌ಗೆ ಜರ್ಮನ್ ಕಪ್ ಫೈನಲ್ ಇತ್ತು, ಎದುರಾಳಿ ಎರಡನೇ ದರ್ಜೆಯ ಕೈಸರ್ಸ್‌ಲಾಟರ್ನ್. 17ನೇ ನಿಮಿಷದಲ್ಲಿ ಜಾಕಾ ದೂರದಿಂದ ಒಂದು ಗೋಲು ಹೊಡೆದರು. ಅರ್ಧ ಪಂದ್ಯ ಮುಗಿಯುವ ಮುಂಚೆ ಕೊಸ್ಸುನು ಕೆಂಪು ಕಾರ್ಡ್ ತಿಂದು ಹೊರಹೋದರು. ಉಳಿದ ಹತ್ತೇ ಜನ ಎರಡನೇ ಅರ್ಧವಿಡೀ ಆ ಒಂದು ಗೋಲನ್ನು ಕಾದು ಕಪ್ ಎತ್ತಿದರು. ಆ ಎರಡನೇ ಅರ್ಧ ನೋಡಿ. ಅದರಲ್ಲಿ ಗೋಲು ಒಂದೂ ಇಲ್ಲ, ನಿಮ್ಮ ಹುಡುಗರ ಮೊಬೈಲಿನಲ್ಲೂ ಇರಲಿಕ್ಕಿಲ್ಲ.